ಭಾವ ಮನೆಯಲ್ಲೇ ಕಂಪ್ಯೂಟರ್ ಕಟ್ಟಿದ್ದು

ನಮ್ಮ ಭಾವ ಮದುವೆಯಾಗದೆ ಉಳಿದದ್ದಕ್ಕೆ ಝಡ್-ಎಯ್ಟಿಯೇ ಕಾರಣ ಎಂದು ನಮ್ಮತ್ತೆ ಕೊನೆಯ ತನಕವೂ ನಂಬಿದ್ದರು.

ಈ ಝಡ್-ಎಯ್ಟಿ ಯಾರು, ಎಲ್ಲಿಯವಳು, ಯಾರ ಮನೆಯ ಮಗಳು ಎಂದು ನೀವು ಕೇಳುತ್ತೀರಿ. ಕೇಳಿ, ತಪ್ಪೇನಿಲ್ಲ! ಕುಮಟೆಯಿಂದ ಹೊನ್ನಾವರಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅತ್ತೆ ಹಿತ್ತಲಲ್ಲಿ ಬಂಗಡೆ ಕೊಯ್ಯುತ್ತ, "ಆ ಝಡೇಟಿ ಒಂದು ಗಂಟು ಬೀಳದೇ ಇದ್ದಿದ್ರೆ ಇಷ್ಟೊತ್ತಿಗೆ ಈ ಮನೇಲಿ ನಿಂಗೊಬ್ಳು ಅಕ್ಕ ಇರ್ತಿದ್ಲು" ಎಂದು ನಿಟ್ಟುಸಿರು ಬಿಟ್ಟಾಗ, ಅಯ್ಯೋ ಪಾಪ, ಭಾವನಿಗೆ ಎಂಥದೋ ಹಳೆಯ ಪ್ರೇಮದ ಗಾಯವಿರಬೇಕು ಎಂದು ಮರುಗಿ ಅವರ ತಟ್ಟೆಗೆ ಎರಡು ತುಂಡು ಮೀನು ಹೆಚ್ಚಾಗಿ ಬಡಿಸುತ್ತಿದ್ದೆ. ಕೊನೆಗೊಂದು ದಿನ ಭಾವ ಅಂಗೈಯ ಮೇಲೆ ಇಟ್ಟುಕೊಂಡು ಬಂದು ಝಡ್-ಎಯ್ಟಿಯನ್ನು ತೋರಿಸಿದರು. ಕಪ್ಪು ಬಣ್ಣ, ನನ್ನ ಕಿರುಬೆರಳಿನಷ್ಟು ಉದ್ದ, ಎರಡೂ ಪಕ್ಕದಲ್ಲಿ ಸಾಲು ಸಾಲು ಕಾಲು. ಜರಿಹುಳವೇ ಸರಿ!

"ಇದು ಕಂಪ್ಯೂಟರಿನ ಮಿದುಳು ತಂಗಿ" ಎಂದರು ಭಾವ, ಧ್ವನಿ ತಗ್ಗಿಸಿ, ಮಲಗಿದ ಕೂಸಿನ ಎದುರು ಮಾತಾಡುವವರ ಹಾಗೆ.

ಎರಡು ತುಂಡು ಮೀನು ಅಂದಿನಿಂದಲೇ ಬಂದ್!

ಭಾವ ಎಂದರೆ ನನ್ನ ಗಂಡನ ಅಣ್ಣ. ಬಂದರಿನ ಹತ್ತಿರದ ಐಸ್ ಫ್ಯಾಕ್ಟರಿಯಲ್ಲಿ ಇಲೆಕ್ಟ್ರಿಷಿಯನ್. ಅಂಚೆಯಲ್ಲಿ ಪಾಠ ತರಿಸಿ ರೇಡಿಯೋ ರಿಪೇರಿ ಕಲಿತವರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಕಡೆ ಬ್ಯಾಂಕಿನವರೂ ಕಂಪ್ಯೂಟರ್ ಕಂಡಿರಲಿಲ್ಲ. ಕಂಡವರೆಂದರೆ ಪತ್ರಿಕೆಯಲ್ಲಿ ಅದರ ಚಿತ್ರ ಕಂಡವರು. ಹಾಗಿರುವಾಗ ಇವರಿಗೆ ಮನೆಯಲ್ಲೇ ಒಂದನ್ನು ಕಟ್ಟಬೇಕು ಎಂಬ ಹುಚ್ಚು! ಉಳಿದವರು ಗಣೇಶನ ಮೂರ್ತಿಯನ್ನೂ ಸಂತೆಯಿಂದ ತರುತ್ತಾರೆ. ಇವರು ಕಂಪ್ಯೂಟರನ್ನೇ ಮನೆಯಲ್ಲಿ ಮಾಡುತ್ತಾರಂತೆ.

ಅತ್ತೆಯೇನು ಸುಮ್ಮನೆ ಕೂತವರಲ್ಲ. ಭಟ್ಕಳದ ಹತ್ತಿರದ ಹೆಬಳೆಯಲ್ಲಿ ಒಂದು ಹುಡುಗಿಯನ್ನು ನೋಡಲು ಭಾವನನ್ನು ಬಲವಂತದಿಂದ ಕಳಿಸಿದರು. ಭಾವ ಹೋದರು. ಆ ಮನೆಯ ಮೂಲೆಯಲ್ಲಿ ಮಾತು ನಿಲ್ಲಿಸಿದ ರೇಡಿಯೋ ಒಂದು ಇತ್ತು. ಹುಡುಗಿ ಅವಲಕ್ಕಿ ತಂದಿಟ್ಟಾಗ ಭಾವ ಅದರ ಬೆನ್ನು ಬಿಚ್ಚಿ ನೆಲದ ಮೇಲೆ ಹರವಿಕೊಂಡಿದ್ದರು. ಹುಡುಗಿ ಚಹಾ ತಂದಿಟ್ಟಾಗ ರೇಡಿಯೋ ಮಾತಾಡುತ್ತಿತ್ತು. ಎಲ್ಲರಿಗೂ ಸಂತೋಷವಾಗಿ, ಭಾವ ಮನೆಗೆ ಬಂದರು.

"ಹುಡುಗಿ ಹೇಗಿತ್ತು?" ಎಂದು ಕೇಳಿದರು ಅತ್ತೆ.

"ಯಾವ ಹುಡುಗಿ?" ಎಂದರು ಭಾವ.

ವಾರದೊಳಗೆ ಹೆಬಳೆಯಿಂದ ಹೇಳಿಕೆ ಬಂತು: ಸಂಬಂಧ ಬೇಡ, ಆದರೆ ಟೇಪ್ ರೆಕಾರ್ಡರೂ ಕೆಟ್ಟಿದೆ, ಹುಡುಗನನ್ನು ಇನ್ನೊಮ್ಮೆ ಕಳಿಸಿಕೊಡಲು ಆಗುತ್ತದೆಯೇ?

ಹುಡುಗಿಯನ್ನು ನೋಡಲು ಬಾರದ ಈ ಮನುಷ್ಯ ಮಿದುಳಿನ ಚಿಪ್ಪನ್ನು ನೋಡಿದ ಚಂದವನ್ನು ನೀವು ನೋಡಬೇಕಿತ್ತು! ಝಡ್-ಎಯ್ಟಿಗೆ ಒಬ್ಬ ಪ್ರತಿಸ್ಪರ್ಧಿ ಇದ್ದ. ಅವನ ಹೆಸರು ಸಿಕ್ಸ್ ಫೈವ್ ಝೀರೋ ಟೂ. ಭಾವನ ಸ್ನೇಹಿತರೊಬ್ಬರು ಕುಮಟೆಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದರು. ಅವರು ಆ ಎರಡನೆಯವನ ಪಕ್ಷ. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಬಂದು ಜಗಲಿಯಲ್ಲಿ ಕೂತು ವಾದ ಮಾಡುತ್ತಿದ್ದರು. ಕುಲ, ಗೋತ್ರ, ನಡತೆ, ಖರ್ಚು, ಶಾಖ, ಎಲ್ಲವೂ ವಿಚಾರಣೆಗೆ ಬರುತ್ತಿತ್ತು. ಬೇಲಿಯಾಚೆಗಿನ ಮನೆಯಾತ ಇವರ ಬಾಯಿಂದ ಬೀಳುವ ಅಂಕಿಗಳನ್ನು ಮಟ್ಕಾ ನಂಬರು ಎಂದು ತಿಳಿದು ಒಂದು ವಾರ ಆಡಿ, ಸೋತು, ಲೆಕ್ಚರರ ಮೇಲೆ ಮುನಿಸಿಕೊಂಡ.

ನಮ್ಮತ್ತೆಯ ತೊಂದರೆ ಬೇರೆ. ನಮ್ಮ ಊರಿನಲ್ಲಿ ಚಿಪ್ಪು ಎಂದರೆ ಶರಾವತಿ ಹೊಳೆಯಲ್ಲಿ ಸಿಗುವ ಚಿಪ್ಪು. ಒಳಗಿನದನ್ನು ಸಾರು ಮಾಡಿ ಹೊರಗಿನದನ್ನು ಸುಣ್ಣಕ್ಕೆ ಕೊಡುತ್ತಾರೆ. "ಇಡೀ ಹೊಳೆ ತುಂಬ ಚಿಪ್ಪು ಬಿದ್ಕಂಡದೆ, ಇವ ಬೊಂಬಾಯಿಂದ ಚಿಪ್ಪು ತರಿಸ್ತ್ನಂತೆ!" ಎಂದು ಅವರು ಬಂದವರ ಎದುರೆಲ್ಲ ಹೇಳಿಕೊಂಡು ನಗುತ್ತಿದ್ದರು.

ಕೊನೆಗೆ ಗೆದ್ದದ್ದು ಝಡ್-ಎಯ್ಟಿ. ಕಾರಣವನ್ನು ಭಾವ ಊಟದ ಹೊತ್ತಿಗೆ ನಮಗೆಲ್ಲ ವಿವರಿಸಿದರು. ಕಂಪ್ಯೂಟರಿನ ನೆನಪು ಬಹಳ ಸಡಿಲವಂತೆ. ಕ್ಷಣಕ್ಷಣಕ್ಕೂ ನೆನಪಿಸುತ್ತ ಇರದಿದ್ದರೆ ಮರೆತೇಬಿಡುತ್ತದಂತೆ. ಝಡ್-ಎಯ್ಟಿಯಾದರೆ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ಬೇರೆಯವರು ಬೇಡ.

"ಹಾಗಾದ್ರೆ ನಿಂಗಿಂತ ಚೊಲೋ ಆತು ಬಿಡು" ಎಂದರು ಅತ್ತೆ. "ನಿಂಗೆ ಊಟ ನೆನಪು ಮಾಡೂಕೆ ನಾನೇ ಮೂರು ಸಲ ಕೂಗ್ಬೇಕು."

ಮಿದುಳು ಸಿಕ್ಕಿತು, ಇನ್ನು ನೆನಪಿನ ಚಿಪ್ಪು ಬೇಕು. ಅದಕ್ಕೆ ರ್ಯಾಮ್ ಎಂದು ಹೆಸರು. ಈ ಹೆಸರಿನಿಂದ ಆದ ಅನರ್ಥ ಅಷ್ಟಿಷ್ಟಲ್ಲ. ಮಗ ಮೂರು ಹೊತ್ತೂ ರಾಮ್ ರಾಮ್ ಎನ್ನುತ್ತಾನೆ, ಹದಿನಾರು ಸಾವಿರ ಸಾಲದು, ಅರವತ್ತನಾಲ್ಕು ಸಾವಿರ ಆಗಬೇಕು ಎನ್ನುತ್ತಾನೆ ಎಂದು ಅತ್ತೆಗೆ ಒಳಗೊಳಗೇ ಸಂತೋಷ. ಇಷ್ಟು ವರ್ಷಕ್ಕೆ ದೇವರ ಮೇಲೆ ಮನಸ್ಸು ಬಂತಲ್ಲ! ರ್ಯಾಮ್ ಹುಡುಕಲು ಭಾವ ಭಟ್ಕಳಕ್ಕೆ ಹೊರಟಾಗ ಅತ್ತೆಯೂ ಹೊರಟರು. ಅವರಿಗೊಂದು ವಿದೇಶೀ ಛತ್ರಿ ಬೇಕಿತ್ತು. ಅತ್ತೆಯ ಜೊತೆಗೆ ನಾನೂ ಹೊರಟೆ. ಬಸ್ಸು ಕಾಯ್ಕಿಣಿ ದಾಟುವ ತನಕ ಅತ್ತೆ ಪಕ್ಕದ ಸೀಟಿನ ಹೆಂಗಸಿಗೆ ಮಗನ ರಾಮಭಕ್ತಿಯನ್ನು ವರ್ಣಿಸಿದರು. ಆ ಹೆಂಗಸು ಇಳಿಯುವಾಗ ಭಾವನಿಗೆ ಕೈಮುಗಿದು ಇಳಿದರು! ಭಾವ ಕಿಟಕಿಯ ಆಚೆಯ ಕರೆಂಟು ಕಂಬಗಳನ್ನು ನೋಡುತ್ತಿದ್ದರು.

ಭಟ್ಕಳದ ಪೇಟೆಯಲ್ಲಿ ದುಬೈಯಿಂದ ಬಂದ ಸಾಮಾನಿನ ಅಂಗಡಿಗಳ ಸಾಲು. ಟೇಪ್ ರೆಕಾರ್ಡರು, ಸೆಂಟು, ನೈಲಾನ್ ಸೀರೆ, ಛತ್ರಿ. ಒಂದು ಅಂಗಡಿಯಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರು ಕೂತಿದ್ದರು. ಮನೆಮಾತು ನವಾಯತಿ, ಗಿರಾಕಿ ಬಂದರೆ ಕನ್ನಡ.

"ಸಾಹೇಬ್ರೇ, ರ್ಯಾಮ್ ಬೇಕಾಗಿತ್ತು" ಎಂದರು ಭಾವ.

"ಎಂಥ ಸಾಮಾನು ಅದು? ಹಚ್ಕೊಳ್ಳೋದಾ, ಉಟ್ಕೊಳ್ಳೋದಾ?"

ಭಾವ ಕಾಗದದ ಮೇಲೆ ಚಿತ್ರ ಬರೆದರು. ಸಾಹೇಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಕಾಲು ಹದಿನಾರಾ? ಏಡಿಗೂ ಇಷ್ಟು ಕಾಲಿಲ್ಲ ಭಾಯಿ!"

ಆದರೆ ಅವರು ನಮ್ಮನ್ನು ಹಾಗೇ ಕಳಿಸಲಿಲ್ಲ. ನಮಗೆ ಕುರ್ಚಿ ಹಾಕಿಸಿ, ಶರಬತ್ತು ತರಿಸಿ, ಚಿತ್ರದ ಚೀಟಿಯನ್ನು ಕಿಸೆಗೆ ಇಟ್ಟುಕೊಂಡರು. ಅವರ ಮಗ ದುಬೈಯಲ್ಲಿ ಕೆಲಸಕ್ಕಿದ್ದಾನಂತೆ, ಹೇಳಿ ಕಳಿಸುತ್ತಾರಂತೆ. "ಹುಡುಗ ತರ್ತಾನೆ. ಇಷ್ಟು ಪ್ರೀತಿಯಿಂದ ಚಿತ್ರ ಬರ್ದೀರಿ, ತರ್ದೇ ಇರ್ತಾನಾ?" ಎಂದರು. ಅತ್ತೆಗೆ ಛತ್ರಿ ಸಿಕ್ಕಿತು. ಅತ್ತೆಯ ದೃಷ್ಟಿಯಲ್ಲಿ ಪ್ರಯಾಣ ಸಾರ್ಥಕ.

ಕೆಲವು ತಿಂಗಳ ಮೇಲೆ ಭಟ್ಕಳದಿಂದ ಬಸ್ ಕಂಡಕ್ಟರನ ಕೈಯಲ್ಲಿ ಒಂದು ಖರ್ಜೂರದ ಡಬ್ಬಿ ಬಂತು. ಅತ್ತೆ ಮುಚ್ಚಳ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡು, "ಅಯ್ಯಯ್ಯೋ, ಮುಳ್ಳು!" ಎಂದು ಕಿರುಚಿದರು. ಮುಳ್ಳಲ್ಲ, ರ್ಯಾಮ್! ಸೂಕ್ಷ್ಮ ಕಾಲುಗಳು ದಾರಿಯಲ್ಲಿ ಮುರಿಯಬಾರದೆಂದು ಆ ಪುಣ್ಯಾತ್ಮ ಹುಡುಗ ಒಂದೊಂದು ಚಿಪ್ಪನ್ನೂ ಮೆತ್ತಗಿನ ಖರ್ಜೂರದ ನಡುವೆ ಹುದುಗಿಸಿ ತಂದಿದ್ದ. ಭಾವ ಅವನ್ನು ಸ್ಪಿರಿಟ್ಟಿನಲ್ಲಿ ತೊಳೆದು ಒರೆಸಿ ಬಿಸಿಲು ಬೀಳದ ಕಡೆ ಒಣಗಿಸಿದರು. ಜಗತ್ತಿನಲ್ಲಿ ಇರುವೆ ಮುತ್ತಿದ ಮೆಮೊರಿ ನಮ್ಮದೊಂದೇ ಇರಬೇಕು. ಆ ಸಾಹೇಬರ ಮಗನ ಮುಖವನ್ನು ನಾವು ಯಾರೂ ನೋಡಿಲ್ಲ. ಎಲ್ಲೇ ಇರಲಿ, ಚೆನ್ನಾಗಿರಲಿ.

ಇನ್ನು ಪೆಟ್ಟಿಗೆ. ಅದನ್ನು ದೋಣಿ ಕಟ್ಟುವ ಆಚಾರಿಯೊಬ್ಬರು ಮಾಡಿಕೊಟ್ಟರು. ಹಲಸಿನ ಹಲಗೆ, ಸಂದಿಯಲ್ಲೆಲ್ಲ ಹತ್ತಿ ತುರುಕಿ ಎಣ್ಣೆ ಬಳಿದು ಭದ್ರ. "ಹೊಳೆಗೆ ಬಿಟ್ರೂ ಒಂದು ಹನಿ ಒಳಗೆ ಹೋಗೂದಿಲ್ಲ" ಎಂದು ಅವರಿಗೆ ಹೆಮ್ಮೆ. ಹನಿ ಹೋಗುವುದಿಲ್ಲ ನಿಜ, ಗಾಳಿಯೂ ಹೋಗುವುದಿಲ್ಲವಲ್ಲ! ಒಳಗಿನ ಶಾಖ ಹೊರಗೆ ಬರಬೇಕೆಂದು ಭಾವ ಅದಕ್ಕೆ ತೂತು ಕೊರೆಯಲು ಕೂತಾಗ ಆಚಾರಿ ನೋಡಲಾರದೆ ಎದ್ದು ಹೋದರು.

ಎಲ್ಲ ಕೂಡಿಸಿ ಆದ ಮೇಲೆ ಒಂದು ಸಂಜೆ ಮಾವ ಕೇಳಿದರು. ನಮ್ಮ ಮಾವ ಹಳೆಯ ತಾಂಡೇಲರು. ಎಂದರೆ ಸಮುದ್ರದಲ್ಲಿ ದೋಣಿಯ ಯಜಮಾನಿಕೆ ನಡೆಸಿದವರು.

"ಎಲ್ಲಾ ತಂದಾತು. ಇನ್ನೆಂತಕ್ಕೆ ಕಾಯ್ತೆ?"

"ಆಪರೇಟಿಂಗ್ ಸಿಸ್ಟಂ ಇಲ್ಲ ಅಪ್ಪ."

"ಅದೆಂತದೋ?"

"ದೋಣಿ ಅದೆ, ಬಲೆ ಅದೆ, ಆಳು ಇದ್ದಾರೆ. ತಾಂಡೇಲ ಇಲ್ದೇ ಇದ್ರೆ?"

"ತಾಂಡೇಲ ಇಲ್ದೇ ದೋಣಿ ಇಳಿಸೂದಾ? ಬುದ್ಧಿ ಅದೆಯಾ?"

"ಅದೇ. ಆ ತಾಂಡೇಲನೇ ಆಪರೇಟಿಂಗ್ ಸಿಸ್ಟಂ."

ಮಾವ ಸ್ವಲ್ಪ ಯೋಚಿಸಿ, "ನಾನು ಹೇಗೂ ಖಾಲಿ ಕೂತಿದ್ದೆ" ಎಂದರು.

ಮಾವನನ್ನು ಪೆಟ್ಟಿಗೆಯೊಳಗೆ ಕೂರಿಸುವಂತಿರಲಿಲ್ಲ. ಆದ್ದರಿಂದ ತಾಂಡೇಲನ ಹುಡುಕಾಟ ಶುರುವಾಯಿತು, ಜಗಲಿಯಲ್ಲಿ ಮತ್ತೆ ಭಾನುವಾರದ ವಾದ. ಆಗ ಹೆಸರುವಾಸಿಯಾಗಿದ್ದ ಒಂದು ಆಪರೇಟಿಂಗ್ ಸಿಸ್ಟಮ್ಮಿಗೆ ಸಿ.ಪಿ.ಎಂ. ಎಂದು ಹೆಸರು. ಅದನ್ನು ಇಟ್ಟವರು ಅಮೆರಿಕದವರು, ಅವರಿಗೆ ನಮ್ಮ ದೇಶದ ಚುನಾವಣೆ ಏನು ಗೊತ್ತು? ಭಾವನಿಗೆ ಅದೇ ಬೇಕು. ಲೆಕ್ಚರರಿಗೆ ಅದು ಬೇಡ. ಇಬ್ಬರದ್ದೂ ದೊಡ್ಡ ಗಂಟಲು, ನಮ್ಮ ಜಗಲಿಯೋ ರಸ್ತೆಗೇ ತಾಗಿಕೊಂಡದ್ದು.

"ಸಿ.ಪಿ.ಎಂ. ಬಿಟ್ರೆ ಬೇರೆ ದಾರಿ ಇಲ್ಲ!" ಎಂದು ಭಾವ.

"ಹೊನ್ನಾವರದಲ್ಲಿ ಕೂತು ಸಿ.ಪಿ.ಎಂ. ತರ್ತೀರಾ? ಆಗೂ ಮಾತಾ ಇದು?" ಎಂದು ಲೆಕ್ಚರರು.

"ತಂದು ತೋರಿಸ್ತೆ! ಎಲ್ಲಾ ನನ್ನ ಕೈಯಲ್ಲೇ ಅದೆ!"

ಮಾತು ಐಸ್ ಫ್ಯಾಕ್ಟರಿಯ ಧಣಿಗಳ ಕಿವಿ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ತಮ್ಮ ಇಲೆಕ್ಟ್ರಿಷಿಯನ್ ಕೆಂಬಾವುಟ ಹಿಡಿದಿದ್ದಾನೆ, ಇಂದೋ ನಾಳೆಯೋ ಯೂನಿಯನ್ ಕಟ್ಟುತ್ತಾನೆ, ಮೀನಿನ ಸೀಸನ್ನಿನಲ್ಲಿ ಐಸ್ ನಿಲ್ಲಿಸುತ್ತಾನೆ ಎಂದು ಅವರು ಗಾಬರಿಯಾದರು. ಯಾರೂ ಕೇಳದೆ ಆ ದೀಪಾವಳಿಗೆ ಎಲ್ಲರಿಗೂ ಬೋನಸ್ಸು ಕೊಟ್ಟರು! ಕೆಲಸಗಾರರು ಬಂದು ಭಾವನ ಕೊರಳಿಗೆ ಹಾರ ಹಾಕಿದರು. ಭಾವ ಹಾರ ಹಾಕಿಸಿಕೊಂಡು, ಇವರಿಗೂ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಇಷ್ಟು ಆಸಕ್ತಿ ಇದೆಯೆಂದು ತನಗೆ ಗೊತ್ತೇ ಇರಲಿಲ್ಲ ಎಂದು ನಮ್ಮ ಹತ್ತಿರ ಆಶ್ಚರ್ಯಪಟ್ಟರು.

ಇಷ್ಟೆಲ್ಲ ಆಗಿ ಸಿ.ಪಿ.ಎಂ. ಬರಲೇ ಇಲ್ಲ. ಅದಕ್ಕೆ ಫ್ಲಾಪಿ ಡ್ರೈವ್ ಎಂಬ ಇನ್ನೊಂದು ಯಂತ್ರ ಬೇಕಿತ್ತು, ಅದು ನಮ್ಮ ಕೈಗೆ ಎಟಕುವ ಸಾಮಾನಾಗಿರಲಿಲ್ಲ. ಡಾಸ್ ಎಂಬ ಇನ್ನೊಂದರ ಮಾತು ಬಂತು. "ರಾಮ ಆತು, ಈಗ ದಾಸನೂ ಬಂದ" ಎಂದರು ಅತ್ತೆ. ಅದಕ್ಕೆ ಝಡ್-ಎಯ್ಟಿ ಆಗುವುದಿಲ್ಲವಂತೆ, ಮಿದುಳನ್ನೇ ಬದಲಿಸಬೇಕಂತೆ. "ಮಿದುಳು ಬದಲಿಸೂದಾದ್ರೆ ಮೊದಲು ನಿಂದು ನೋಡು" ಎಂದು ಅತ್ತೆ ಆ ದಾರಿಯನ್ನೂ ಮುಚ್ಚಿದರು. ಕೊನೆಗೆ ಲೆಕ್ಚರರು ಒಂದು ಇಲೆಕ್ಟ್ರಾನಿಕ್ಸ್ ಮಾಸಿಕ ತಂದುಕೊಟ್ಟರು. ಅದರಲ್ಲಿ ಝಡ್-ಎಯ್ಟಿಗೆ ಸರಿಹೋಗುವ ಒಂದು ಪುಟ್ಟ ತಾಂಡೇಲ ಅಚ್ಚಾಗಿದ್ದ. ಪುಟಗಟ್ಟಲೆ ಬರೀ ಅಂಕಿ ಮತ್ತು ಅಕ್ಷರ. ಸಿ ಡಿ, ಎರಡು ಒಂದು, ಸೊನ್ನೆ ಸೊನ್ನೆ, ಎಫ್ ಇ, ಹೀಗೆ. ಒಂದೂ ತಪ್ಪಿಲ್ಲದೆ ಕೀಲಿಮಣೆಯಲ್ಲಿ ಒತ್ತಿ ಟೇಪಿಗೆ ತುಂಬಿಸಬೇಕು. ಒತ್ತಿದ್ದನ್ನು ತೆಗೆದುಕೊಂಡು ಟೇಪಿಗೆ ದಾಟಿಸುವಷ್ಟು ಬುದ್ಧಿಯ ಸಣ್ಣ ಚಿಪ್ಪೊಂದನ್ನು ಭಾವ ಮೊದಲೇ ತರಿಸಿಟ್ಟಿದ್ದರು. ಟೇಪ್ ಎಂದರೆ ಹಾಡಿನ ಕ್ಯಾಸೆಟ್ಟೇ.

ಕ್ಯಾಸೆಟ್ ಸಾಲದೆ ಭಾವ ಒಂದು ದಿನ ಕೈಗೆ ಸಿಕ್ಕಿದ್ದರ ಮೇಲೆ ತಮ್ಮ ಪರೀಕ್ಷೆಯ ಅಂಕಿಗಳನ್ನು ತುಂಬಿಸಿಬಿಟ್ಟರು. ಅದು ಮಾವನ ತಾಳಮದ್ದಳೆಯ ಕ್ಯಾಸೆಟ್! ಮಾವನಿಗೆ ಇದು ಗೊತ್ತಿಲ್ಲ. ಕರ್ಕಿಯ ನೆಂಟರ ಮನೆಯಲ್ಲಿ ಗೃಹಪ್ರವೇಶ, ಮೈಕ್ ಸೆಟ್ಟು ತರಿಸಿದ್ದರು. ಕರ್ಕಿಯವರಿಗೆ ಯಕ್ಷಗಾನವೆಂದರೆ ಪ್ರಾಣ, ಭಾಗವತಿಕೆ ಕೇಳಲಿ ಎಂದು ಮಾವ ತಮ್ಮ ಕ್ಯಾಸೆಟ್ ಒಯ್ದು ಕೊಟ್ಟರು. ಊಟದ ಪಂಕ್ತಿ ಕೂತಿದೆ, ಮೈಕಿನವ ಗುಂಡಿ ಒತ್ತಿದ. ಕಂಪ್ಯೂಟರಿನ ಮಾತನ್ನು ಟೇಪಿನಲ್ಲಿ ಕೇಳಿದವರಿಗೆ ಗೊತ್ತು: ಗಂಟಲಿಗೆ ಮುಳ್ಳು ಸಿಕ್ಕಿದ ಬೆಕ್ಕನ್ನು ಗರಗಸದಿಂದ ಕೊಯ್ದ ಹಾಗೆ! ತೆಂಗಿನ ಮರದ ಕಾಗೆಗಳು ಎದ್ದವು, ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡಿತು, ಭಟ್ಟರು ಅನ್ನದ ಪಾತ್ರೆ ಬಿಟ್ಟು ಕಿವಿ ಮುಚ್ಚಿಕೊಂಡರು.

ಮನೆಗೆ ಬಂದ ಮಾವನ ಮುಖ ನೋಡುವಂತಿರಲಿಲ್ಲ. "ಹಾಳಾದವನೇ! ಇಡೀ ಕರ್ಕಿ ಎದುರು ನನ್ನ ಮರ್ಯಾದೆ ತೆಗ್ದೆ!"

ಭಾವ ಎದ್ದು ನಿಂತರು. ಕ್ಷಮೆ ಕೇಳುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು.

"ಸ್ವರ ನಡುವೆ ಎಲ್ಲಾದ್ರೂ ಕಟ್ ಆತಾ ಅಪ್ಪ?" ಎಂದು ಕೇಳಿದರು.

ಇಂಥವರ ಬಗ್ಗೆ ನಗುತ್ತ ಎಷ್ಟು ಬೇಕಾದರೂ ಬರೆಯಬಹುದು. ಆದರೆ ನಾನು ಈ ಮನುಷ್ಯನಿಗೆ ಋಣಿ. ಆ ಮಾತನ್ನು ಹೇಳದೆ ಮುಗಿಸಿದರೆ ನಕ್ಕದ್ದೆಲ್ಲ ನನ್ನ ಕೃತಘ್ನತೆಯಾಗುತ್ತದೆ.

ಆ ವರ್ಷ ನಾನು ಬಸುರಿ. ಎಂಟು ತಿಂಗಳು ತುಂಬುತ್ತ ಬಂದಿತ್ತು. ಒಂದು ದಿನ ಹೊಟ್ಟೆಯೊಳಗಿನ ಓಡಾಟ ನಿಂತಿತು. ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಮಗು ಅಳಲಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಮನೆಗೆ ಬಂದು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬಂದವರೆಲ್ಲ ಒಳ್ಳೆಯವರೇ. "ಇನ್ನೂ ವಯಸ್ಸದೆ." "ದೇವರು ಮತ್ತೆ ಕೊಡ್ತಾನೆ." "ಮನಸ್ಸಿಗೆ ಹಚ್ಕೋಬೇಡ." ಒಂದೊಂದು ಮಾತೂ ಸರಿಯಾಗಿತ್ತು, ಒಂದೊಂದು ಮಾತೂ ಚುಚ್ಚುತ್ತಿತ್ತು. ನನ್ನ ಗಂಡ ಹತ್ತಿರ ಬಂದು ಕೂತು, ನನ್ನ ಹೊದಿಕೆ ಸರಿಮಾಡಿ ಎದ್ದು ಮೀನಿನ ಬೋಟಿಗೆ ಹೋಗುತ್ತಿದ್ದರು. ನಾನು ಅಳಲೂ ಇಲ್ಲ. ಅಳದೆ ಇರುವುದನ್ನು ನೋಡಿ ಅತ್ತೆ ಹೆದರಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಭಾವ. ಹೊಸ್ತಿಲ ಆಚೆ ನಿಂತಿದ್ದರು, ಕೈಯಲ್ಲಿ ಆ ಮಾಸಿಕ.

"ತಂಗಿ, ನಿಂಗೆ ಟೈಪಿಂಗ್ ಬತ್ತದೆ ಅಲ್ದಾ?"

ನಾನು ತಿರುಗಿ ನೋಡಿದೆ. ಮದುವೆಗೆ ಮುಂಚೆ ಕುಮಟೆಯಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿ ಪಾಸಾಗಿದ್ದೆ. ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಮಲಗಿತ್ತು, ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ.

ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ನಿಂಗೆ ಮನುಷ್ಯತ್ವ ಅನ್ನೂದು ಅದೆಯೇನಾ? ಅದು ಹೇಗೆ ಬಿದ್ಕಂಡದೆ, ಇವನ ಪೆಟ್ಟಿಗೆ ಇವನಿಗೆ!"

ಭಾವ ಅಲ್ಲಾಡಲಿಲ್ಲ. "ನಾ ಓದ್ತೆ, ಅದು ಒತ್ಲಿ. ನಾ ಒಬ್ಬನೇ ಒತ್ತಿದ್ರೆ ಬರೀ ತಪ್ಪು."

ನಾನು ಎದ್ದೆ. ಕನಿಕರದಿಂದಲ್ಲ, ಉತ್ಸಾಹದಿಂದಲೂ ಅಲ್ಲ, ಸಿಟ್ಟಿನಿಂದ! ಇಂಥ ಹೊತ್ತಿನಲ್ಲೂ ಕಂಪ್ಯೂಟರಿನ ಮಾತಾಡುವ ಈ ಕಲ್ಲುಮನುಷ್ಯನ ಕೆಲಸವನ್ನು ಒಮ್ಮೆ ಮಾಡಿ ಬಿಸಾಡಿ ಬರುತ್ತೇನೆ ಎಂದು ಹೋಗಿ ಕೀಲಿಮಣೆಯ ಎದುರು ಕೂತೆ.

"ಸಿ ಡಿ" ಎಂದರು ಭಾವ. ಒತ್ತಿದೆ. "ಎರಡು ಒಂದು." ಒತ್ತಿದೆ. "ಎಫ್ ಇ." ಒತ್ತಿದೆ.

ಆ ಅಕ್ಷರಗಳಿಗೆ ನನ್ನ ಮಟ್ಟಿಗೆ ಯಾವ ಅರ್ಥವೂ ಇರಲಿಲ್ಲ. ಅರ್ಥವಿಲ್ಲದ್ದನ್ನು ಯಾರಾದರೂ ನನ್ನ ಹತ್ತಿರ ಹೇಳಲಿ ಎಂದೇ ನಾನು ಕಾಯುತ್ತಿದ್ದೆನೇನೋ. ಮಧ್ಯಾಹ್ನ ಊಟಕ್ಕೆ ಕರೆದಾಗ ನನಗೆ ಹಸಿವಾಗಿತ್ತು. ಮರುದಿನ ಭಾವ ಕೆಮ್ಮುವ ಮುಂಚೆಯೇ ಎದ್ದು ಹೋಗಿದ್ದೆ. ಅವರು ಫ್ಯಾಕ್ಟರಿಯಲ್ಲಿ ಸಂಜೆಯ ಪಾಳಿ ಕೇಳಿ ಪಡೆದಿದ್ದರು, ಬೆಳಗಿನ ಹೊತ್ತು ನಮ್ಮ ಕೆಲಸಕ್ಕೆ. ನಮ್ಮ ನಡುವೆ ಬೇರೆ ಮಾತೇ ಇಲ್ಲ. ತಪ್ಪು ಒತ್ತಿದರೆ "ಅಲ್ಲ ತಂಗಿ, ಬಿ" ಎನ್ನುತ್ತಿದ್ದರು, ಅವರು ಸಾಲು ಬಿಟ್ಟರೆ "ಭಾವ, ಒಂದು ಸಾಲು ಹಾರಿದ್ರಿ" ಎನ್ನುತ್ತಿದ್ದೆ.

ಒಂದು ಬೆಳಗ್ಗೆ ಬಹಳ ಮುಂದೆ ಹೋಗಿದ್ದೆವು, ಇನ್ನೇನು ಟೇಪಿಗೆ ತುಂಬಿಸಬೇಕು, ಕರೆಂಟು ಹೋಯಿತು! ಪರದೆ ಕಪ್ಪಾಯಿತು. ಅಷ್ಟೂ ಹೊತ್ತಿನ ಕೆಲಸ ಒಂದು ಅಕ್ಷರವೂ ಉಳಿಯದೆ ಹೋಯಿತು. ನಾನು ಕೀಲಿಮಣೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು. ಎಷ್ಟು ಜೋರಾಗಿ ಅತ್ತೆನೆಂದರೆ ಮಾವ ಜಗಲಿಯಿಂದ, ಅತ್ತೆ ಹಿತ್ತಲಿಂದ ಓಡಿ ಬಂದರು. ಅತ್ತೆ ನನ್ನನ್ನು ಅಪ್ಪಿಕೊಂಡು ತಾವೂ ಅತ್ತರು. ಭಾವ ಮಾಸಿಕ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೇ ಇದ್ದರು. ನನ್ನ ಅಳು ಇಳಿದ ಮೇಲೆ ಮೆಲ್ಲಗೆ ಹೇಳಿದರು:

"ಹೋದದ್ದು ಹೋತು ತಂಗಿ. ಕರೆಂಟು ಬರ್ಲಿ. ನಾ ಮತ್ತೆ ಮೊದಲಿಂದ ಓದ್ತೆ."

ಮೊದಲಿನಿಂದ ಓದಿದರು, ಮೊದಲಿನಿಂದ ಒತ್ತಿದೆ. ಮುಗಿಯಿತು. ಕರೆಂಟು ಹೋದಾಗಲೆಲ್ಲ ಅಳಿಸಿಹೋಗದ ಹಾಗೆ ಅಷ್ಟನ್ನೂ ಒಂದು ಚಿಪ್ಪಿನೊಳಗೆ ಅಚ್ಚೊತ್ತಿಸಬೇಕೆಂದು ಭಾವ ಕ್ಯಾಸೆಟ್ಟನ್ನು ಹುಬ್ಬಳ್ಳಿಗೆ ಒಯ್ದು, ಅಂಥ ಯಂತ್ರವಿದ್ದ ಸ್ನೇಹಿತರ ಹತ್ತಿರ ಮಾಡಿಸಿಕೊಂಡು ಬಂದರು. ಆ ಚಿಪ್ಪಿನ ನೆತ್ತಿಯಲ್ಲಿ ಒಂದು ಗಾಜಿನ ಕಿಂಡಿ. ಅದರ ಮೇಲೆ ಬಿಸಿಲು ಬಿದ್ದರೆ ಒಳಗೆ ಬರೆದದ್ದು ಮಾಸಿಹೋಗುತ್ತದಂತೆ. ಭಾವ ನನ್ನ ಬಾಗಿಲಿಗೆ ಬಂದು ಕೆಮ್ಮಿದರು.

"ತಂಗಿ, ನಿಂಗೆ ಹಣೆಗೆ ಅಂಟಿಸೂ ಬೊಟ್ಟು ಇತ್ತಲ್ಲ, ಸ್ವಲ್ಪ ದೊಡ್ಡದು, ಒಂದು ಕೊಡ್ತೆಯಾ?"

ಎಷ್ಟೋ ದಿನದಿಂದ ಮುಟ್ಟದ ಡಬ್ಬಿ ತೆರೆದು ಕೆಂಪು ಬೊಟ್ಟೊಂದನ್ನು ತೆಗೆದುಕೊಟ್ಟೆ. ಕಿಂಡಿಗೆ ಅಳತೆ ತೆಗೆದ ಹಾಗೆ ಕೂತಿತು. ಡಬ್ಬಿ ಹೇಗೂ ತೆರೆದಿತ್ತು, ಒಂದನ್ನು ನನಗೂ ಅಂಟಿಸಿಕೊಂಡೆ. "ಕಡೆಗೂ ಮಗ ಝಡೇಟಿ ಮನೆಯವರ ಪೈಕಿ ಯಾರಿಗೋ ಬೊಟ್ಟು ಇಟ್ಟ" ಎಂದರು ಅತ್ತೆ, ನನ್ನ ಹಣೆಯನ್ನೇ ನೋಡುತ್ತ. ಬಹಳ ದಿನದ ಮೇಲೆ ಆ ಮನೆಯಲ್ಲಿ ಎಲ್ಲರೂ ನಕ್ಕದ್ದು ಆಗ.

ಕಂಪ್ಯೂಟರ್ ಚಾಲೂ ಆದ ದಿನ ಲೆಕ್ಚರರು ಬಂದರು, ಆಚಾರಿ ಬಂದರು, ಬೇಲಿಯಾಚೆಯವರೂ ಬಂದರು. ನಮ್ಮ ಟಿವಿಯೇ ಅದಕ್ಕೆ ಪರದೆ. ಭಾವ ಸ್ವಿಚ್ ಹಾಕಿದರು. ಮಬ್ಬು ಮರಳಿನ ನಡುವೆ ಬಿಳಿ ಅಕ್ಷರ ಮೂಡಿತು: ರೆಡಿ. ಕೆಳಗೊಂದು ಚೌಕ ಕಣ್ಣು ಮಿಟುಕಿಸುತ್ತ ನಿಂತಿತು.

"ಒತ್ತು ತಂಗಿ" ಎಂದರು ಭಾವ. ಎರಡಕ್ಕೆ ಎರಡು ಕೂಡಿಸಲು ಹೇಳಿದೆ. ನಾಲ್ಕು ಎಂದು ಬಂತು. ಲೆಕ್ಚರರು ಚಪ್ಪಾಳೆ ತಟ್ಟಿದರು.

"ನಾಲ್ಕು ಅಂತ ನಂಗೆ ಮೊದ್ಲೇ ಗೊತ್ತಿತ್ತು" ಎಂದರು ಮಾವ. "ಇಷ್ಟಕ್ಕೆ ನನ್ನ ಭಾಗವತ್ರು ಹೋದ್ರಾ?"

ಎಲ್ಲರೂ ಚಹಾ ಕುಡಿದು ಹೋದರು. ಭಾವ ನೆಲದ ಮೇಲೆ ಕೂತು ತಂತಿಗಳ ತುಂಡು ಹೆಕ್ಕುತ್ತಿದ್ದರು. ಇದೇ ಹೊತ್ತು ಎಂದುಕೊಂಡು ನಾನು ಹೇಳಿದೆ:

"ಭಾವ, ಆ ದಿನ ನೀವು ಬಂದು ಕರೀದೇ ಇದ್ರೆ ನಾನು ಏಳ್ತಿರ್ಲಿಲ್ಲ. ನನ್ನ ಸಲುವಾಗಿ ನೀವು..."

"ನಿನ್ನ ಸಲುವಾಗಿ ಅಲ್ಲ" ಎಂದರು ಭಾವ, ತಲೆಯೆತ್ತದೆ. "ನಂಗೇ ಸುಮ್ನೆ ಕೂರೂಕೆ ಆಗ್ಲಿಲ್ಲ ತಂಗಿ. ಎಲ್ರೂ ನಿನ್ನ ಹತ್ರ ಹೋಗಿ ಕೂತು ಮಾತಾಡಿ ಬತ್ತಿದ್ರು. ನಾ ಯಾರ ಹತ್ರ ಹೋಗೂದು?"

ಈ ಮನುಷ್ಯ ಆ ಮಗುವಿಗೆ ದೊಡ್ಡಪ್ಪ ಆಗಬೇಕಿತ್ತು ಎಂಬುದು ನಮ್ಮಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ.

ಇನ್ನೊಂದು ತಂತಿಯ ತುಂಡು ಹೆಕ್ಕಿಕೊಂಡು ಅವರೇ ಕೇಳಿದರು. "ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ಹೆಣ್ಣಾ, ಗಂಡಾ? ನಂಗೆ ಯಾರೂ ಹೇಳ್ಲಿಲ್ಲ."

ಆ ಮಗುವಿನ ಬಗ್ಗೆ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮರೆಯಬೇಕು ಎಂದೇ ಎಲ್ಲರೂ ಹೇಳಿದ್ದರು.

"ಹೆಣ್ಣು ಭಾವ" ಎಂದೆ. ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. "ನರ್ಸು ಒಮ್ಮೆ ತೋರಿಸಿದ್ರು. ತಲೆ ತುಂಬ ಕೂದಲಿತ್ತು. ಬೆರಳು ಎಷ್ಟು ಸಣ್ಣ! ಕಿವಿ ಮಾತ್ರ ನಿಮ್ಮದೇ ಭಾವ, ಅಗಲ, ಸ್ವಲ್ಪ ಹೊರಗೆ."

ಭಾವ ಕೈಯಲ್ಲಿದ್ದ ತಂತಿಯ ತುಂಡುಗಳನ್ನು ನೆಲಕ್ಕಿಟ್ಟು, ತಮ್ಮ ಕಿವಿಯನ್ನು ಮುಟ್ಟಿ ನೋಡಿಕೊಂಡರು.